ಭೋಂಗಾ ಹೊಡೆದ ಮೇಲಿನ ಹಾಡು

ನನಗೆ ಯಾವುದನ್ನೂ ಸುಮ್ಮನೆ ಇಷ್ಟಪಡಲು ಬರುವುದಿಲ್ಲ. ಎಷ್ಟನೆಯದಾಗಿ ಇಷ್ಟ ಎಂಬುದು ಗೊತ್ತಾಗಬೇಕು. ಜೋಳದ ರೊಟ್ಟಿಯ ಜೊತೆಗಿನ ಪಲ್ಯಗಳಿಗೆ ನನ್ನ ದಿನಚರಿಯಲ್ಲಿ ಸ್ಥಾನಗಳಿವೆ. ಪುಂಡಿಪಲ್ಯ ಮೊದಲು, ಎಣ್ಣೆಗಾಯಿ ಎರಡನೆಯದು, ಅವ್ವ ಸಿಟ್ಟಿನಲ್ಲಿ ಮಾಡಿದ ಯಾವುದೇ ಪಲ್ಯ ಕೊನೆಯದು. ಲಿಂಗಸುಗೂರಿನಿಂದ ಹೊರಡುವ ಬಸ್ಸುಗಳನ್ನು, ತಡ ಮಾಡುವುದರಲ್ಲಿ ಯಾವುದು ಮುಂದು, ಯಾವುದು ಹಿಂದು ಎಂದು ಪ್ರತಿ ತಿಂಗಳು ಹೊಸದಾಗಿ ಜೋಡಿಸುತ್ತೇನೆ. ಕಚೇರಿಯಲ್ಲಿ ನನ್ನದು ಆವಕ-ಜಾವಕದ ಕೆಲಸ. ಬಂದ ಕಾಗದಕ್ಕೊಂದು ನಂಬರು, ಹೋದ ಕಾಗದಕ್ಕೊಂದು ನಂಬರು. ತಪ್ಪು ನಂಬರು ಹೊತ್ತ ಕಾಗದ ಬಂದರೆ ಕೆಳಗೆ ಎಷ್ಟೇ ದೊಡ್ಡವರ ಸಹಿ ಇದ್ದರೂ ವಾಪಸು ಕಳಿಸುತ್ತೇನೆ. ಸಹೋದ್ಯೋಗಿಗಳು ನನ್ನ ಬೆನ್ನ ಹಿಂದೆ ನನಗೇನೋ ಹೆಸರಿಟ್ಟಿದ್ದಾರಂತೆ. ಏನೆಂದು ಇನ್ನೂ ಪತ್ತೆಯಾಗಿಲ್ಲ. ಪತ್ತೆಯಾದ ದಿನ ತಾರೀಖು ಹಾಕಿ ಬರೆದುಕೊಳ್ಳುವವಳಿದ್ದೇನೆ.

ಈ ರೋಗ ನನಗೆ ಅಪ್ಪನಿಂದ ಬಂದದ್ದು. ಅಪ್ಪನಿಗೆ ರೇಡಿಯೋದಿಂದ ಬಂದದ್ದು. ಅವರು ಹಟ್ಟಿಯ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಅಜ್ಜ ಅದೇ ಗಣಿಯ ಒಳಗೆ ಇಳಿಯುತ್ತಿದ್ದವರು. ಅಪ್ಪ ಬೆಳೆದದ್ದು ಕಂಪನಿ ಮನೆಗಳ ಒಂದು ಸಾಲಿನಲ್ಲಿ. ಆ ಕಾಲಕ್ಕೆ ವಾರಕ್ಕೊಂದು ಸಂಜೆ ರೇಡಿಯೋದಲ್ಲಿ ಹಿಂದಿ ಹಾಡುಗಳ ಸರದಿ ಬರುತ್ತಿತ್ತಂತೆ. ಹದಿನೈದನೆಯ ಹಾಡಿನಿಂದ ಶುರುವಾಗಿ ಒಂದನೆಯದಕ್ಕೆ ಬಂದು ಮುಟ್ಟುವುದು. ಹೋದ ವಾರ ಒಂಬತ್ತರಲ್ಲಿದ್ದ ಹಾಡು ಈ ವಾರ ಐದಕ್ಕೆ ಏರಿತೆಂದರೆ ಸಾಲಿನ ಹುಡುಗರು ತಮ್ಮ ಸ್ವಂತ ಅಣ್ಣನಿಗೆ ಬಡ್ತಿ ಸಿಕ್ಕಷ್ಟು ಹಿಗ್ಗುತ್ತಿದ್ದರು. ಈಗ ನನ್ನ ಫೋನಿನಲ್ಲಿ ಬೇಕೆಂದ ಹಾಡು ಬೇಕೆಂದ ಗಳಿಗೆಗೆ ಬರುತ್ತದೆ, ಯಾವ ಹಾಡಿಗಾಗಿಯೂ ವಾರ ಕಾಯುವ ಪ್ರಮೇಯವಿಲ್ಲ. ಆದ್ದರಿಂದಲೇ ಇರಬೇಕು, ಹೋದ ವಾರ ನಾನು ಯಾವ ಹಾಡು ಕೇಳಿದೆ ಎಂದು ಕೇಳಿದರೆ ದಿನಚರಿ ತೆರೆಯಬೇಕಾಗುತ್ತದೆ. ಅಪ್ಪನಿಗೆ ಮಾತ್ರ ಯಾವ ಹಾಡು ಯಾವ ಬೇಸಿಗೆಯಲ್ಲಿ ಎಷ್ಟನೆಯದಾಗಿತ್ತೆಂಬುದು ಇಂದಿಗೂ ಬಾಯಿಪಾಠ.

ಈ ವಿದ್ಯೆಗೆ ನಮ್ಮ ಬಳಗದಲ್ಲಿ ಒಂದು ಪದವಿ ಸಿಕ್ಕಿದೆ. ಯಾರ ಮನೆಯ ಮದುವೆಯಾಗಲಿ, ತೊಟ್ಟಿಲ ಕಾರ್ಯವಾಗಲಿ, ಊಟದ ಹೊತ್ತಿನಲ್ಲಿ ಹಳೆಯ ಹಾಡು ಹಚ್ಚುವಾಗ ಮೈಕ್ ಹಿಡಿದು "ಈ ಹಾಡು ಆ ವರ್ಷ ಮೂರನೇ ನಂಬರದಾಗ ಇತ್ತು" ಎಂದು ಸಾರುವ ಹಕ್ಕು ಅಪ್ಪನದು. ನಿವೃತ್ತಿಯ ಮೇಲೆ ಅವರಲ್ಲಿ ಉಳಿದಿರುವ ಅಧಿಕಾರ ಇದೊಂದೇ. ಮನೆಯಲ್ಲಿ ಟಿವಿಯ ರಿಮೋಟ್ ಕೂಡ ಅಜ್ಜಿಯ ಸುಪರ್ದಿಯಲ್ಲಿದೆ. ಆದರೆ ಆ ಮೈಕ್ ಯಾರದು ಎಂಬುದೇ ತಕರಾರು. ಅದು ಸಿಂಧನೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿರುವ ನನ್ನ ಸೋದರಮಾವನದು. ಮಾವನಿಗೂ ಹಾಡಿನ ಹುಚ್ಚು, ಅವರೂ ಹುಡುಗನಾಗಿದ್ದಾಗ ಅದೇ ಸರದಿಯನ್ನು ತಮ್ಮಪ್ಪನ ಅಂಗಡಿಯಲ್ಲಿ ಕೂತು ಕೇಳಿದವರು. ಅಪ್ಪ ಅವ್ವನ ಮದುವೆಯ ದಿನದಿಂದ ಇವರಿಬ್ಬರಿಗೂ ಒಂದೇ ಜಗಳ. ಒಂದು ವರ್ಷದ ಕೊನೆಯ ದೊಡ್ಡ ಸರದಿಯಲ್ಲಿ ಒಂದನೆಯ ಸ್ಥಾನ ಪಡೆದದ್ದು ದೋಣಿಯ ಹಾಡೋ, ಬಳೆಯ ಹಾಡೋ? ಹಾಡುಗಳ ಮೊದಲ ಸಾಲನ್ನು ಇಲ್ಲಿ ಬರೆದರೆ ಓದುವವರಲ್ಲೂ ಪಕ್ಷಗಳಾಗುತ್ತವೆ, ಅದಕ್ಕೇ ಬರೆಯುತ್ತಿಲ್ಲ. ಅಪ್ಪ ದೋಣಿ, ಮಾವ ಬಳೆ. "ನಾ ಕಿವಿಯಾರೆ ಕೇಳೀನ್ರಿ ಭಾವ" ಎಂದು ಮಾವ. "ಕೇಳಿದ್ದು ಬ್ಯಾರೆ, ತಿಳದದ್ದು ಬ್ಯಾರೆ" ಎಂದು ಅಪ್ಪ. ಅಪ್ಪನ ಗಟ್ಟಿ ದನಿಯ ಎದುರು ಮಾವನ ಕಿವಿ ಇಷ್ಟು ವರ್ಷ ಸೋಲುತ್ತಲೇ ಬಂದಿದೆ.

ಈ ವರ್ಷ ಮಾವ ಹೊಸ ಸೌಂಡ್ ಸಿಸ್ಟಮ್ ಕೊಂಡರು. ಆರ್.ಎಚ್. ಕ್ಯಾಂಪಿನ ಬಂಗಾಲಿ ನಿರಾಶ್ರಿತರ ಪೂಜೆಗಳಿಗೆ ದೊಡ್ಡ ಬಾಕ್ಸುಗಳೇ ಬೇಕು ಅನ್ನುತ್ತಾರೆ ಎಂಬುದು ಅವರು ಅತ್ತೆಗೆ ಕೊಟ್ಟ ಕಾರಣ. ಭಾನುವಾರ ಅದರ ಪೂಜೆ, ಊಟ. ಅದಕ್ಕೆ ಹದಿನೈದು ದಿನ ಮುಂಚೆ ನನಗೆ ಮಾವನ ಫೋನ್ ಬಂತು. "ನೀ ಲೆಕ್ಕದಾಕಿ. ಆ ವರ್ಷದ ಪಟ್ಟಿ ಎಲ್ಲೆರ ಸಿಗತೈತೇನು ನೋಡವಾ" ಎಂದರು. ಒಳ್ಳೆಯ ಪಟ್ಟಿಯನ್ನು ಯಾರಾದರೂ ಬೇಡಿದರೆ ನನಗೆ ಕಾರಣ ಕೇಳುವಷ್ಟು ವ್ಯವಧಾನವಿರುವುದಿಲ್ಲ. ಅಂಥ ಪಟ್ಟಿಗಳನ್ನು ಕೂಡಿಹಾಕುವವರು ಅಂತರ್ಜಾಲದಲ್ಲಿ ಬೇಕಾದಷ್ಟಿದ್ದಾರೆ. ನಾಲ್ಕು ಕಡೆ ತಾಳೆ ನೋಡಿ, ಗೆರೆ ಹೊಡೆದು, ಕ್ರಮಸಂಖ್ಯೆ ಹಾಕಿ, ಟಿಪ್ಪಣಿ ಬರೆಯಲು ಷರಾ ಎಂಬ ಖಾಲಿ ಅಂಕಣವನ್ನೂ ಸೇರಿಸಿ ಕಳಿಸಿದೆ. ಕಳಿಸಿದ ಮೇಲೆ ಓದಿದೆ. ಒಂದನೆಯದು ಬಳೆಯ ಹಾಡು. ದೋಣಿಯ ಹಾಡು ಹದಿನೈದರೊಳಗೆ ಎಲ್ಲಿಯೂ ಇಲ್ಲ.

ಮಾವನ ಉತ್ತರ ಕೂಡಲೇ ಬಂತು, ಧ್ವನಿ ಸಂದೇಶದಲ್ಲಿ. "ಭೇಷ್! ಭಾನುವಾರ ಹೊಸಾ ಬಾಕ್ಸಿನ್ಯಾಗ ಇದನ್ನ ಹಚ್ಚತೀನಿ, ಹದಿನೈದರಿಂದ ಒಂದರ ತನಕ. ಒಂದನೇದು ಬಳೀ ಹಾಡು ಬಂತು ಅಂದ್ರ ಮುಂದಿನ ಮದಿವ್ಯಾಗ ಮೈಕ್ ನಂದು. ಭಾವಗ ಹೇಳೀನಿ, ಅವರೂ ಒಪ್ಪ್ಯಾರ!"

ಅಪ್ಪ ಒಪ್ಪಿದ್ದರು. ಒಪ್ಪಿದ್ದಷ್ಟೇ ಅಲ್ಲ, ಗೆದ್ದ ಮೇಲೆ ಮಾವನನ್ನು ಹೇಗೆ ಸಮಾಧಾನ ಮಾಡಬೇಕೆಂಬ ಚಿಂತೆಯಲ್ಲಿದ್ದರು. ನಾನು ಮೆಲ್ಲಗೆ, "ಅಪ್ಪಾ, ದೋಣಿ ಹಾಡು ಒಂದನೇದಾಗಿ ಬಂದದ್ದನ್ನ ನೀವು ಸ್ವತಾ ಕೇಳಿದ್ರೇನು?" ಎಂದೆ.

ಅಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಕೇಳೂದು ಹ್ಯಾಂಗ? ಭೋಂಗಾ ಹೊಡಿತಿತ್ತಲ್ಲ."

ಆಗ ಹೊರಬಿದ್ದ ಸಂಗತಿ ಇದು. ಗಣಿಯಲ್ಲಿ ಪಾಳಿ ಬದಲಾಗುವ ಮುಂಚೆ ಊರಿಗೆಲ್ಲ ಕೇಳುವ ಸೈರನ್ ಕೂಗುತ್ತಿತ್ತು. ಅದೇ ಭೋಂಗಾ. ರಾತ್ರಿ ಪಾಳಿಯವರನ್ನು ಕರೆಯುವ ಭೋಂಗಾ ಕೂಗುತ್ತಿದ್ದುದು ಸರಿಯಾಗಿ ಎರಡನೆಯ ಹಾಡು ಮುಗಿಯುವ ಹೊತ್ತಿಗೆ. ಭೋಂಗಾ ಕೇಳಿತೋ, ಆ ಸಾಲಿನ ಹೆಂಗಸರೆಲ್ಲ ರೇಡಿಯೋ ಬಂದ್ ಮಾಡಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇಳಿಯುವವರು ಸಾಲು ದಾಟಿ ಹೋಗುವ ತನಕ ಯಾವ ಮನೆಯಲ್ಲೂ ಹಾಡು ಬಾರದು, ಮಾತು ಬಾರದು. ತನ್ನ ಗಂಡನ ಪಾಳಿ ಆ ವಾರ ಹಗಲಿಗಿದ್ದರೂ ಅಜ್ಜಿ ಬಂದ್ ಮಾಡುವವಳೇ. ಯಾರ ಮನೆಯವರಾದರೇನು, ಇಳಿಯುವವರು ಇಳಿಯುವವರೇ. ಅವರು ದಾಟಿ ಹೋಗಿ ಮತ್ತೆ ರೇಡಿಯೋ ಹಚ್ಚುವಷ್ಟರಲ್ಲಿ ವಾರ್ತೆ ಬರುತ್ತಿತ್ತು. ಬೇರೆ ಸಾಲಿನ ಹುಡುಗರು ಮಾರನೆಯ ದಿನ ಒಂದನೆಯದು ಇಂಥದ್ದೆಂದು ಹೇಳುತ್ತಿದ್ದರಂತೆ. ಆದರೆ ಬೇರೆ ಸಾಲಿನವರ ಮಾತನ್ನು ನಂಬುವ ಪದ್ಧತಿ ಅಪ್ಪನ ಸಾಲಿನಲ್ಲಿರಲಿಲ್ಲ.

ಹಾಗಾಗಿ ಅಪ್ಪ ತಮ್ಮದೇ ಒಂದು ಶಾಸ್ತ್ರ ಕಟ್ಟಿದ್ದರು. ಹೋದ ವಾರ ಇದ್ದು ಈ ವಾರ ಕಾಣದ ಹಾಡು ಒಂದೋ ಕೆಳಗೆ ಬಿದ್ದಿರಬೇಕು, ಇಲ್ಲವೇ ಒಂದಕ್ಕೆ ಏರಿರಬೇಕು. ತಮಗೆ ಇಷ್ಟವಿದ್ದ ಹಾಡು ಕಾಣದಿದ್ದರೆ ಏರಿದೆ ಎಂದು ತೀರ್ಮಾನ. ಇಷ್ಟವಿಲ್ಲದ್ದು ಕಾಣದಿದ್ದರೆ ಬಿದ್ದಿದೆ ಎಂದು ತೀರ್ಮಾನ. ಆ ವರ್ಷದ ಕೊನೆಯ ಸರದಿಯಲ್ಲಿ ಕಾಣದೆ ಉಳಿದದ್ದು ದೋಣಿ ಮತ್ತು ಬಳೆ. "ಬಳೀ ಹಾಡು ವಾರದ ಪಟ್ಟಿಯಾಗ ನಾಕನೇದಕ್ಕ ಬಂದು ಆಮ್ಯಾಲ ಕಾಣಲೇ ಇಲ್ಲ. ಬಿದ್ದು ಹೋಗಿತ್ತು. ಅಂದಮ್ಯಾಲ ಉಳದದ್ದು ಯಾವುದು, ನೀನ ಹೇಳು" ಎಂದು ಅಪ್ಪ ಕೈ ಝಾಡಿಸಿದರು. ನಾಲ್ಕರ ನಂತರ ಕಾಣದ ಆ ವಾರಗಳಲ್ಲೆಲ್ಲ ಬಳೆಯ ಹಾಡು ಒಂದನೆಯದರಲ್ಲೇ ಕೂತಿತ್ತೆಂಬುದು ನನ್ನ ಫೋನಿನಲ್ಲಿತ್ತು. ಸಾಹೇಬರ ಕಾಗದವನ್ನು ವಾಪಸು ಕಳಿಸುವ ಧೈರ್ಯ ಬೇರೆ, ಅಪ್ಪನದನ್ನು ಕಳಿಸುವ ಧೈರ್ಯ ಬೇರೆ. ಹೇಳುವ ರೀತಿಗಳನ್ನು ಆ ವಾರ ದಿನಚರಿಯಲ್ಲಿ ಉತ್ತಮದಿಂದ ಕನಿಷ್ಠಕ್ಕೆ ಜೋಡಿಸಿದೆ, ಒಂದನ್ನೂ ಬಳಸಲಿಲ್ಲ.

ಭಾನುವಾರ ಹೊರಟೆವು. ಊಟ ಎಂದ ಮೇಲೆ ತನ್ನ ಸಾಲಿನವರನ್ನು ಬಿಟ್ಟು ಹೋಗುವುದು ಹೇಗೆಂದು ಅಜ್ಜಿ ಹಟ ಹಿಡಿದು, ಹಟ್ಟಿ ಬಿಟ್ಟು ಈಗ ಲಿಂಗಸುಗೂರು, ಮಸ್ಕಿಗಳಲ್ಲಿ ನೆಲೆಸಿರುವ ಹಳೆಯ ನೆರೆಯವರಿಗೆಲ್ಲ ಹೇಳಿಕಳಿಸಿದ್ದಳು. ಮಸ್ಕಿಯಲ್ಲಿ ಬಸ್ಸು ನಿಂತಾಗ ಆರೇಳು ಮಂದಿ ಹತ್ತಿದರು. "ಏನಬೇ, ಇನ್ನೂ ಅದಿಯೇನು?" "ಅದೀನಿ ಬೇ, ನೀ ಬಿಟ್ಟು ಹ್ಯಾಂಗ ಹೋಗ್ಲಿ?" ಎಂದು ಮುದುಕಿಯರು ಕುಶಲ ಕೇಳಿಕೊಂಡರು. ಅಪ್ಪ ಕಿಟಕಿಯ ಪಕ್ಕ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಪದಕ ಸ್ವೀಕರಿಸಲು ಹೊರಟವರಂತೆ ಕೂತಿದ್ದರು.

ಮಾವನ ಅಂಗಡಿಯ ಮುಂದೆ ಶಾಮಿಯಾನ. ಬಾಕ್ಸುಗಳಿಗೆ ಕುಂಕುಮ, ಹೂವು, ನಿಂಬೆಹಣ್ಣು. ಪೂಜೆಯಾದ ಮೇಲೆ ಮಾವ ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡರು. ಎಡಗೈಯಲ್ಲಿ ನನ್ನ ಪಟ್ಟಿ, ಅಚ್ಚು ಹಾಕಿಸಿದ್ದು. ಹದಿನೈದನೆಯದು ಶುರುವಾಯಿತು. ಹಾಡು ಬರುವ ಮೊದಲೇ ಅಪ್ಪ ಕೂತಲ್ಲಿಂದಲೇ ಹೆಸರು ಹೇಳುತ್ತಿದ್ದರು. ಹದಿನಾಲ್ಕು ಸರಿ, ಹತ್ತು ಸರಿ, ಆರು ಸರಿ. ಜನ ಚಪ್ಪಾಳೆ ತಟ್ಟತೊಡಗಿದರು. ಎರಡು ಬರುವ ತನಕ ಅಪ್ಪ ಒಂದೂ ತಪ್ಪಲಿಲ್ಲ. ಮಾವನ ಮುಖದಲ್ಲಿ ಮಾತ್ರ ಹಬ್ಬದ ಕಳೆ ಹೆಚ್ಚುತ್ತಿತ್ತು. ನಾನು ಹಿಂದಿನ ಕುರ್ಚಿಯಲ್ಲಿ ಸೆರಗು ತಿರುವುತ್ತಾ, ಕರೆಂಟ್ ಹೋಗಲಿ ಎಂದು ಜೀವನದಲ್ಲಿ ಮೊದಲ ಸಲ ಹಾರೈಸಿದೆ. ಎಂದೂ ಹೇಳದೆ ಹೋಗುವ ಕರೆಂಟು ಅಂದು ಗಟ್ಟಿಯಾಗಿ ನಿಂತಿತ್ತು.

"ಇನ್ನ ಒಂದನೇದು!" ಎಂದರು ಮಾವ. "ಭಾವ, ಮೈಕ್ ಆಸೆ ಬಿಡ್ರಿ!" ಹಾಗೆಂದು, ರಂಗು ಹೆಚ್ಚಲಿ ಎಂದು, ಹೊಸ ಮಿಕ್ಸರಿನ ಒಂದು ಗುಂಡಿ ಒತ್ತಿದರು. ಮೆರವಣಿಗೆಯ ಡಿಜೆಗಳಲ್ಲಿ ಕೂಗುತ್ತದಲ್ಲ, ಆ ಸೈರನ್. ಹೊಸ ಬಾಕ್ಸುಗಳಿಂದ ಅದು ಬೀದಿಯ ಆ ತುದಿಯವರೆಗೂ ಕೂಗಿತು.

ಅಜ್ಜಿ ಎದ್ದು ನಿಂತಳು. ಮಸ್ಕಿಯ ಮುದುಕಿಯರು ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಅಪ್ಪನೂ ಎದ್ದು ನಿಂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ಬೀದಿಯ ಕಡೆ ತಿರುಗಿದ್ದರು. ಉಳಿದ ಜನ ಏನೆಂದು ತಿಳಿಯದೆ, ರಾಷ್ಟ್ರಗೀತೆಯೇನೋ ಎಂದು ತಾವೂ ಎದ್ದರು.

"ಬಂದ್ ಮಾಡಪಾ" ಎಂದಳು ಅಜ್ಜಿ.

"ಯಮ್ಮಾ, ಒಂದನೇದು ಇನ್ನೂ..."

"ಬಂದ್ ಮಾಡಂದ್ನಿ. ಮಂದಿ ಕೆಳಗ ಇಳ್ಯಾಕತ್ತಾರ."

ಅದು ತಮ್ಮ ಅಕ್ಕನ ಅತ್ತೆಯ ಮಾತು. ಮಾವ ಬಂದ್ ಮಾಡಿದರು. ಒಂದು ಟ್ರ್ಯಾಕ್ಟರ್ ಹೋಯಿತು, ಎರಡು ಮೋಟಾರ್ ಸೈಕಲ್ ಹೋದವು. ಅಜ್ಜಿಯ ಕಣ್ಣು ಅವುಗಳ ಹಿಂದೆ ಬೇರೆ ಯಾರನ್ನೋ ದಾಟಿಸುತ್ತಿತ್ತು. ಕೊನೆಗೆ, "ಹೋದ್ರು. ಇನ್ನ ಉಣ್ಣೂಣು ನಡ್ರಿ" ಎಂದು ಪಂಕ್ತಿಯ ಕಡೆ ನಡೆದಳು. ಜನರೂ ನಡೆದರು. ಹೋಳಿಗೆಯ ವಾಸನೆ ಬಂದ ಮೇಲೆ ಒಂದನೆಯ ಹಾಡು ಯಾರಿಗೆ ಬೇಕು?

ಊಟದಲ್ಲಿ ಮಾವ ಅಪ್ಪನ ಪಕ್ಕ ಕೂತು ಇದೇನೆಂದು ಕೇಳಿದರು. ಅಪ್ಪ ಹೇಳಿದರು. ಕೇಳಿ ಮುಗಿಯುವವರೆಗೂ ಮಾವ ಹೋಳಿಗೆ ಮುಟ್ಟಲಿಲ್ಲ. ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಗಲು ಶುರುಮಾಡಿದರು.

"ಅಕ್ಕಾ, ಕೇಳಿದೇನು? ಈ ಮನಷಾ ಜಲಮದಾಗ ಒಂದನೇ ಹಾಡು ಕೇಳೇ ಇಲ್ಲಂತ! ಕೇಳಲಾರದ ಇಷ್ಟು ವರ್ಷ ನನ್ನ ಕೂಡ ವಾದ ಮಾಡಿ ಗೆದ್ದಾರ! ಇಂಥಾವ್ರಿಗೆ ಮೈಕ್ ಕೊಡಲಾರದ ಮತ್ತ್ಯಾರಿಗೆ ಕೊಡ್ಲಿ? ತಗೋರಿ ಭಾವ, ನಿಮಗ ಇರ್ಲಿ!"

"ಮದ್ಲ ಹೋಳಿಗಿ ತಿನ್ನು" ಎಂದರು ಅವ್ವ. ತಮ್ಮನೆಲ್ಲಿ ಒಂದನೆಯ ಹಾಡು ಯಾವುದೆಂದು ಹೇಳಿಬಿಟ್ಟಾನೋ ಎಂದು ಮೇಲೆ ಇನ್ನೊಂದು ಹಾಕಿದರು, ತುಪ್ಪ ಸುರಿದರು. ಮಾವನ ಬಾಯಿ ಆ ಹೊತ್ತೆಲ್ಲ ಖಾಲಿಯಾಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಮತ್ತೆ ಕಿಟಕಿಯ ಪಕ್ಕವೇ ಕೂತರು. ಮಸ್ಕಿ ಸಮೀಪಿಸಿದಾಗ, "ಅವನ ಕೈಯಾಗಿನ ಪಟ್ಟಿ ನೀನ ಮಾಡಿದ್ದಲ್ಲ?" ಎಂದರು.

"ಹೆಂಗ ಗೊತ್ತಾತು?"

"ಷರಾ ಅಂತ ಒಂದು ಖಾನೆ ಇತ್ತು. ಹಾಡಿಗೆ ಷರಾ ಬರಿಯಾಕಿ ಈ ಜಿಲ್ಲಾದಾಗ ನೀ ಒಬ್ಬಾಕಿನ."

"ಒಂದನೇದು ಹೇಳ್ಲೇನಪ್ಪಾ?"

"ಬ್ಯಾಡ" ಎಂದರು. "ಕೇಳಿಲ್ಲಂತನ ಅವೆಲ್ಲಾ ಭಾರೀ ಹಾಡು ಅದಾವು ನನ್ನ ತಲ್ಯಾಗ."

ಸೋಮವಾರ ಕಚೇರಿಯ ಊಟದ ಬಿಡುವಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬಳೆಯ ಹಾಡನ್ನು ಪೂರ್ತಿ ಕೇಳಿದೆ. ಒಂದನೆಯ ಸ್ಥಾನ ಕೊಡುವಂಥದ್ದೇನೂ ಮೊದಲ ಸಲ ಕಾಣಲಿಲ್ಲ. ಆದರೆ ಅದು ಬಿಡುವ ಹಾಡಲ್ಲ. ಸಂಜೆ ಉಳ್ಳಾಗಡ್ಡಿ ಹೆಚ್ಚುವಾಗ ನನಗೆ ಗೊತ್ತಿಲ್ಲದೆ ಗುನುಗುತ್ತಿದ್ದೆನಂತೆ. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಚರಣ ಮುಗಿಯುವ ತನಕ ತಲೆದೂಗಿ, ನಿಟ್ಟುಸಿರು ಬಿಟ್ಟು, "ಚಲೋ ಹಾಡು, ಪಾಪ. ನಾಕನೇದಕ್ಕ ಬಂದು ಬಿದ್ದು ಹೋತು" ಎಂದು ಹೋದರು.

ಅಂದಿನ ದಿನಚರಿಯಲ್ಲಿ ತಾರೀಖು ಹಾಕಿ, ಹಾಡಿನ ಹೆಸರು ಬರೆದು, ಮುಂದೆ ನಾಲ್ಕು ಎಂದು ನಮೂದಿಸಿದೆ. ಷರಾ ಅಂಕಣ ಖಾಲಿ ಬಿಟ್ಟೆ.