ಆರು ಜನರ ಹಾಡು, ಏಳನೆಯವಳ ಜಾಗ

ಕೂಡಿ ಬಾಳುವ ಮನೆಯಲ್ಲಿ ಜಗಳಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬಾಗಿಲಿಗೆ ಬರುತ್ತದೆ. ನಮ್ಮ ಮನೆಗೆ ಮೊದಲು ಬೋರ್‌ವೆಲ್ ನೀರಿನ ರೂಪದಲ್ಲಿ ಬಂತು, ಆಮೇಲೆ ಟೀವಿ ರಿಮೋಟಿನ ರೂಪದಲ್ಲಿ. ಈಗ ಹಾಡಿನ ರೂಪದಲ್ಲಿ ಬಂದು ಕೂತಿದೆ.

ಬಿಳಿಗೆರೆ ಪಕ್ಕದ ನಮ್ಮ ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮಗ, ಮಗಳು. ಮಗನಿಗೆ ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಫೋನಿನಲ್ಲಿ ಬೇಕಾದ ಹಾಡು ಬೇಕಾದಾಗ ಕೇಳಬಹುದು, ನಡುವೆ ಜಾಹೀರಾತಿನ ಕಾಟವಿಲ್ಲ, ತಿಂಗಳಿಗಿಷ್ಟು ಕಟ್ಟಿದರೆ ಸಾಕು ಅಂತ ಅವನೇ ಒಂದು ಆ್ಯಪ್ ತಂದು ಹಾಕಿದ. "ಹಾಡಿಗೂ ಕನೆಕ್ಷನ್ ಬಂತಾ!" ಅಂತ ಅತ್ತೆ ಬೆರಗಾದರು.

ನಾನು ಸ್ಕೂಲಿಗೆ ಹೋದವಳಲ್ಲ. ಬೇರೆಯವರ ಕೊಬ್ಬರಿ ಅಟ್ಟದಲ್ಲಿ ತೆಂಗಿನಕಾಯಿ ಒಡೆಯುತ್ತಾ ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬೋಂಡ ಕಟ್ಟಿಕೊಟ್ಟ ಪೇಪರು ಓದಿ ಅಕ್ಷರ ಕಲಿತವಳು. ಇವತ್ತು ಸ್ವಂತ ಕೊಬ್ಬರಿ ಅಟ್ಟವಿದೆ. ಮನೆಯ ಕರೆಂಟು, ಗ್ಯಾಸು, ಎಲ್ಲ ನನ್ನ ಹೆಸರಿನಲ್ಲಿವೆ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದಿನ ಗಲಾಟೆಗಳಲ್ಲಿ ಅರ್ಧಕ್ಕೆ ನನ್ನ ಓದೇ ಕಾರಣ.

ಗೇಟ್‌ವಾಲ್

ಮೊದಲು ಹಾಕಿಸಿದ್ದು ಒಬ್ಬರ ಕನೆಕ್ಷನ್. ಕೇಳುವವರು ಐದು ಜನ. ಒಬ್ಬರು ಹಾಡು ಹಾಕಿದರೆ ಇನ್ನೊಬ್ಬರದು ನಿಂತುಹೋಗುತ್ತಿತ್ತು.

ಅತ್ತೆ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ವಚನ ಕೇಳಲು ಕೂರುತ್ತಾರೆ. ಒಂದು ದಿನ ವಚನ ಅರ್ಧಕ್ಕೆ ನಿಂತಿತು. ಅತ್ತೆ ಕೂತಲ್ಲಿಂದಲೇ ಕೂಗಿದರು: "ಯಾವನೋ ಗೇಟ್‌ವಾಲ್ ತಿರುಗಿಸವ್ನೆ ಕಣ್ರಲೇ!"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಬೋರ್‌ವೆಲ್ಲಿಗೆ ದಾಯಾದಿಗಳ ತೋಟದ ಜೊತೆ ಪಾಲಿದೆ. ಅಲ್ಲಿ ಗೇಟ್‌ವಾಲ್ ತಿರುಗಿಸಿದರೆ ಇಲ್ಲಿ ಪೈಪು ಒಣಗುತ್ತದೆ. ಅದಕ್ಕೇ ನಮ್ಮ ಯಜಮಾನರು ನೀರಿಗೆ ಮಾಡಿದ ಹಾಗೆ ಹಾಡಿಗೂ ಸರದಿ ಮಾಡಿದರು. ಬೆಳಗ್ಗೆ ಅತ್ತೆಯದು, ತಿಂಡಿ ಆದ ಮೇಲೆ ನನ್ನ ಅಟ್ಟದ್ದು, ಮಧ್ಯಾಹ್ನ ಅವರದು, ಸಂಜೆ ಮಕ್ಕಳದು.

ಕೆಲವು ದಿನ ಸರಿಯಾಗಿ ನಡೆಯಿತು. ಮತ್ತೊಂದು ಬೆಳಗ್ಗೆ ಅತ್ತೆಯ ವಚನ ಮತ್ತೆ ನಿಂತಿತು. ಈ ಸಲ ಅವರು ಕೂಗಲಿಲ್ಲ. ಕೋಲು ತಗೊಂಡು, ಸದ್ದಿಲ್ಲದೆ ತೋಟಕ್ಕೆ ನಡೆದರು. ನಾನು ಹಿಂದೆ ಓಡಿದೆ. ನಮ್ಮ ಯಜಮಾನರು ತೆಂಗಿನ ಮರದ ಬುಡದಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಎದೆಯ ಮೇಲಿನ ಫೋನಿನಲ್ಲಿ ಯಾವುದೋ ಪ್ರೇಮಗೀತೆ.

"ಏನ್ಲಾ, ನನ್ನ ಸರದೀಲಿ?"

"ಅವ್ವ, ಒಂದೇ ಒಂದು ಹಾಡು ಕಣವ್ವ. ಮುಗೀತಾ ಬಂತು."

"ನೀರು ಕದಿಯೋ ನನ್ಮಕ್ಕಳೆಲ್ಲ ಹಿಂಗೇ ಅನ್ನೋದು ಬುಡು. ಒಂದೇ ಪಾತಿ, ಮುಗೀತಾ ಬಂತು ಅಂತ!"

ನಿಮ್ಮ ಮನೆ ಯಾವುದು?

ಕೊನೆಗೆ ಮಗ, "ಮನೆಮಂದಿಗೆಲ್ಲ ಸೇರಿ ಫ್ಯಾಮಿಲಿ ಪ್ಲಾನ್ ಅಂತ ಐತಮ್ಮ. ಆರು ಜನಕ್ಕೆ. ಒಬ್ಬರ ಹಾಡು ಇನ್ನೊಬ್ಬರಿಗೆ ಅಡ್ಡ ಬರಲ್ಲ. ನಿನ್ನ ಹೆಸರಲ್ಲೇ ಮಾಡ್ತೀನಿ, ಇಲ್ಲಿ ಒಪ್ಪಿಗೆ ಒತ್ತು" ಅಂದ.

"ತಾಳು, ಓದ್ತೀನಿ."

"ಅದನ್ನ ಯಾರೂ ಓದಲ್ಲ ಕಣಮ್ಮ. ಸುಮ್ನೆ ಒತ್ತೋದಷ್ಟೇ."

"ಓದದೆ ಹೆಬ್ಬೆಟ್ಟು ಒತ್ತೋದನ್ನ ಬಿಡೋಕೇ ಅಲ್ವೇನೋ ನಾನು ಅಕ್ಷರ ಕಲಿತಿದ್ದು?"

ಜಗಲಿಯ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಎಲ್ಲ ಓದಿದೆ. ಸೇರಿದವರೆಲ್ಲ ಒಂದೇ ವಿಳಾಸದಲ್ಲಿ ವಾಸವಾಗಿರಬೇಕು ಅಂತಿತ್ತು. ನ್ಯಾಯವಾಗಿದೆ ಅನ್ನಿಸಿತು, ಒತ್ತಿದೆ. ಆಮೇಲೆ ಎಲ್ಲರ ಫೋನಿಗೂ ಕರೆಯೋಲೆ ಹೋಯಿತು. ಅವರವರು ತಮ್ಮ ಮನೆಯ ವಿಳಾಸ ತಾವೇ ತುಂಬಬೇಕು. ಎಲ್ಲರದೂ ಒಪ್ಪಿತು, ಅತ್ತೆಯದು ಮಾತ್ರ ಒಪ್ಪಲಿಲ್ಲ. ನೋಡಿದರೆ ಅವರು ಮೊಮ್ಮಗಳ ಕೈಯಲ್ಲಿ ತಮ್ಮ ತವರೂರು ಹಾಲ್ಕುರಿಕೆ, ಮಠದ ಹತ್ತಿರ, ಇಂಥವರ ಮನೆ ಅಂತ ತಮ್ಮ ಅಪ್ಪನ ಹೆಸರು ಬರೆಸಿಬಿಟ್ಟಿದ್ದರು.

"ಅತ್ತೆ, ಇದೇನಿದು?"

"ನಿಮ್ಮ ಮನೆ ಯಾವುದು ಅಂತ ಕೇಳ್ತಲ್ಲ. ಹೇಳಿದೆ."

"ನಿಮ್ಮ ಮನೆ ಇದಲ್ವಾ?"

ಅವರು ತೊಲೆ, ಕಂಬ, ಗೋಡೆ ಎಲ್ಲ ಒಂದು ಸುತ್ತು ನೋಡಿದರು. "ಇದು ನಿಮ್ಮ ಮಾವನ ಮನೆ ಕಣೇ" ಅಂದರು.

ಮಾವ ತೀರಿಕೊಂಡು ಎಷ್ಟು ಕಾಲವಾಯಿತೋ. ಅತ್ತೆ ಈ ಮನೆಯಲ್ಲಿ ದುಡಿದು, ಮಕ್ಕಳನ್ನು ಸಾಕಿ, ಮುದುಕಿಯಾಗಿದ್ದಾರೆ. ಆದರೂ ಆ ಮಾತು ಹೇಳುವಾಗ ಅವರ ದನಿಯಲ್ಲಿ ದುಃಖವಿರಲಿಲ್ಲ, ಕೋಪವೂ ಇರಲಿಲ್ಲ. ಕೇಳಿದ್ದಕ್ಕೆ ಸರಿ ಉತ್ತರ ಕೊಟ್ಟ ನೆಮ್ಮದಿ ಇತ್ತು.

ನಮ್ಮ ಯಜಮಾನರು ಬಾಯಿ ಹಾಕಿದರು. "ಹಂಗಾದ್ರೆ ನಾನು ಹುಟ್ಟಿದ ಮನೆ ಅಲ್ವೇನವ್ವ ಇದು?"

"ನೀನು ಹುಟ್ಟಿದ್ದು ಹಾಲ್ಕುರಿಕೇಲೇ ಕಣ್ಲಾ, ಬಾಣಂತನಕ್ಕೆ ಹೋದಾಗ. ನಿಂದೂ ತಿದ್ದಿಸ್ಕೋ."

ಕಾಯಿಯ ಸದ್ದು

ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಇಡುತ್ತೇವೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅಂದರೆ ಒಡೆಯಬಹುದು ಅಂತ. ಈ ಕಿವಿಯಿಂದಲೇ ನಾನು ಅನ್ನ ಸಂಪಾದಿಸಿದ್ದು. ನಾನು ಆಗಿದೆ ಅಂದ ಕಾಯಿ ಆಗಿರಲೇಬೇಕು.

ಫ್ಯಾಮಿಲಿ ಪ್ಲಾನ್ ಬಂದ ಸಂತೋಷಕ್ಕೆ ಅಟ್ಟದ ಕೆಳಗೆ ಒಂದು ದೊಡ್ಡ ಸ್ಪೀಕರ್ ಇಡಿಸಿದೆ. ಕೆಲಸದ ಹೆಂಗಸರು ಕುಣಿಯುವುದೊಂದು ಬಾಕಿ. ಅವತ್ತು ಒಂದು ರಾಶಿ ಕಾಯಿ ಅಲ್ಲಾಡಿಸಿ ನೋಡಿ, "ಒಡೀರಿ" ಅಂದೆ. ಒಡೆದರೆ ಅರ್ಧಕ್ಕರ್ಧ ಹಸಿ! ನನ್ನ ಕೋಪ ನೆತ್ತಿಗೇರಿತು.

"ಕೈಗೆ ಭಾರ ಗೊತ್ತಾಗಲಿಲ್ವೇನ್ರೇ ನಿಮಗೆ? ಒಬ್ಬಳಾದ್ರೂ ಬಾಯಿ ಬಿಡಬಾರದಾ?"

ಹಿರಿಯಳೊಬ್ಬಳು ಮಚ್ಚು ಕೆಳಗಿಟ್ಟು ಹೇಳಿದಳು: "ಬಿಟ್ವಿ ಕಣಕ್ಕ. ಹಸಿ ಐತೆ, ಹಸಿ ಐತೆ ಅಂತ ಎಲ್ಲರೂ ಕೂಗಿದ್ವಿ."

"ಮತ್ತೆ ನನಗೆ ಕೇಳಿಸಲೇ ಇಲ್ಲ? ಅಷ್ಟು ಜೋರಾಗಿತ್ತಾ ಆ ಸ್ಪೀಕರು?"

"ಸ್ಪೀಕರ್ ಆಗಲೇ ನಿಲ್ಲಿಸಿದ್ವಿ ಕಣಕ್ಕ. ನೀವು ಹಾಡ್ತಾನೇ ಇದ್ರಿ."

ಕೊಟ್ಟಿಗೆಯ ಕನೆಕ್ಷನ್

ಅತ್ತೆಯ ವಿಳಾಸ ತಿದ್ದಿಸಿ ಸೇರಿಸಿದ ಮೇಲೂ ಆರು ಜಾಗದಲ್ಲಿ ಒಂದು ಖಾಲಿ ಉಳಿದಿತ್ತು. ಅದನ್ನು ನಮ್ಮ ಯಜಮಾನರು ತಮ್ಮ ಹಸುವಿಗೆ ಮಾಡಿಸಿದರು.

ಸೀಮೆ ಹಸು ಅದು, ಭಾರಿ ಬಿಗುಮಾನ. ಹಾಡು ಕೇಳುತ್ತಿದ್ದರೆ ಮಾತ್ರ ಹಾಲು ಇಳಿಸುತ್ತದೆ, ಇಲ್ಲದಿದ್ದರೆ ತಡೆದುಕೊಂಡು ನಿಲ್ಲುತ್ತದೆ. ಒಂದು ಹಳೆಯ ಫೋನನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿದರು. ಹೆಸರು ಕೇಳಿದ ಕಡೆ ಗೌರಿ ಅಂತ ಹಾಕಿದರು. ಆಮೇಲೆ ದಿನಾ ಆ ಫೋನಿಗೆ ಮೆಸೇಜು: ಗೌರಿಯವರೇ, ನಿಮಗಾಗಿ ಆರಿಸಿದ ಹಾಡುಗಳು!

ಪಕ್ಕದ ಮನೆಯ ಅಕ್ಕ ಒಂದು ಸಂಜೆ ಹಾಲಿಗೆ ಬಂದವಳು ಇದನ್ನೆಲ್ಲ ನಿಂತು ನೋಡಿದಳು. ನಮ್ಮ ಯಜಮಾನರು ಹಾಡು ಹಾಕಿದರು, ಹಸು ಕಿವಿ ನಿಮಿರಿಸಿತು, ಹಾಲು ಬಕೆಟ್ಟಿಗೆ ಸೊರಸೊರ ಇಳಿಯಿತು.

"ಇದಕ್ಕೇ ಅಂತ ಬೇರೆ ಕನೆಕ್ಷನ್ನಾ?" ಅಂದಳು.

"ಹೂಂ ಕಣಕ್ಕ. ಅದರ ಹೆಸರಲ್ಲೇ ಐತೆ" ಅಂದೆ.

ಅವಳು ಹಸುವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ನಮ್ಮನೇಲಿ ರೇಷನ್ ಕಾರ್ಡು ಒಂದು ಬಿಟ್ರೆ ನನ್ನ ಹೆಸರಲ್ಲಿ ಏನೂ ಇಲ್ಲ ಕಣೇ" ಅಂತ ಹಾಲು ತಗೊಂಡು ಹೋದಳು.

ಏಳನೆಯವಳು

ಮಗಳನ್ನು ಮಾಯಸಂದ್ರಕ್ಕೆ ಮದುವೆ ಮಾಡಿಕೊಟ್ಟೆವು. ಕಳಿಸುವಾಗ ನಾನು ಕಣ್ಣೀರು ಹಾಕುವ ಜಾತಿಯಲ್ಲವಾದ್ದರಿಂದ, "ಅಲ್ಲಿ ಕೆಲಸ ಮುಗಿಸಿ ಹಾಡು ಕೇಳ್ತಿರು. ಇಲ್ಲಿ ನಿನ್ನ ಜಾಗ ನಿನ್ನದೇ" ಅಂದೆ. ಒಂದೇ ವಿಳಾಸ ಅಂತ ಬರೆದ ಸಾಲನ್ನು ಓದಿದವಳು ನಾನೇ. ಆ ಒಂದು ಸಾಲಿಗೆ ಮಾತ್ರ ನನ್ನ ಕಣ್ಣು ಮಂಜಾಯಿತು. ಮದುವೆಯಾದ ಮಗಳಿಗೂ ಮನೆಯಲ್ಲಿ ಜಾಗ ಇಟ್ಟಿದ್ದೇನೆ ಅಂತ ಅಟ್ಟದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ.

ಮುಂದೆ ಮಗನ ಮದುವೆ ಆಯಿತು, ತುರುವೇಕೆರೆಯಿಂದ ಸೊಸೆ ಬಂದಳು. ಆರು ಜಾಗವೂ ಭರ್ತಿ. ಅವಳು ಏಳನೆಯವಳು.

"ತಂಗೀದು ತೆಗೆದು ಇವಳಿಗೆ ಕೊಡಮ್ಮ. ರೂಲ್ಸ್ ನೀನೇ ಓದಿದ್ದಲ್ವಾ?" ಅಂದ ಮಗ.

"ಹಸೂದು ತೆಗೀರಿ" ಅಂದೆ.

"ಅದೆಂಗಾಗುತ್ತೇ? ಹಸು ಹಾಲು ಕೊಡುತ್ತೆ" ಅಂದರು ನಮ್ಮ ಯಜಮಾನರು.

"ನಿಮ್ಮ ಮಗಳು?"

ಅತ್ತೆ, "ಮಗಳದ್ದೇ ತೆಗೆದ್ಬುಡೇ. ಹಾಲ್ಕುರಿಕೇಲಿ ನನಗೇನು ಜಾಗ ಇಟ್ಕೊಂಡು ಕೂತಿದ್ರಾ?" ಅಂದರು.

ಸೊಸೆ ತಲೆ ತಗ್ಗಿಸಿ, "ನಂಗೆ ಬೇಡ ಅತ್ತೆ. ಹಾಡು ಕೇಳೋ ಅಭ್ಯಾಸ ಇಲ್ಲ ನಂಗೆ" ಅಂದಳು.

ಮರುದಿನ ಬೆಳಗ್ಗೆ ನೋಡುತ್ತೇನೆ, ಅತ್ತೆಯ ಕೋಣೆಯ ಕಿಟಕಿಯ ಹೊರಗೆ ಸೊಸೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಅದು ಹಿಂದಿನ ದಿನ ನಾನೇ ಆರಿಸಿಟ್ಟ ಅಕ್ಕಿ. ಒಳಗೆ ವಚನ ಮುಗಿದ ಮೇಲೆ ಎದ್ದು ಹೋದಳು. ಈ ಮನೆಗೆ ಬಂದ ಹೊಸದರಲ್ಲಿ ನನ್ನ ಬಾಯಿಗೂ ಇಂಥ ಎಷ್ಟೋ "ಬೇಡ"ಗಳು ಬಂದಿದ್ದವು. ಅವಳ ಬೇಡವನ್ನು ನಂಬಲು ನನ್ನಿಂದಾಗಲಿಲ್ಲ. ಮಗಳ ಹೆಸರು ಅಳಿಸಲು ಬೆರಳೂ ಏಳಲಿಲ್ಲ.

ಒಂದು ವಾರ ಇದೇ ಹಗ್ಗ ಜಗ್ಗಾಟ. ಕೊನೆಗೆ ರೇಗಿ, "ಮಗಳೂ ಇರಲಿ, ಸೊಸೇನೂ ಬರಲಿ, ನಿಮ್ಮ ಹಸೂನೂ ಇರಲಿ. ನಾನೇ ಹೋಗ್ತೀನಿ" ಅಂತ ಫೋನು ತಗೊಂಡು ಹೊರಗೆ ಹೋಗುವ ಗುಂಡಿ ಒತ್ತಿದೆ. ಅದು ಏನೋ ಉದ್ದಕ್ಕೆ ಬರೆದು ತೋರಿಸಿತು. ಸಿಟ್ಟಿನಲ್ಲಿ ಓದದೆ ಇನ್ನೊಂದು ಸಲ ಒತ್ತಿದೆ.

ಬೆಳಗಾಯಿತು. ಅತ್ತೆಯ ಕೋಣೆಯಲ್ಲಿ ವಚನ ಮುಗಿಯಿತು, ಅದರ ಬೆನ್ನಿಗೇ ಗಂಡು ದನಿಯೊಂದು ಬನಿಯನ್ ಮತ್ತು ಚಡ್ಡಿಯ ಗುಣಗಾನ ಶುರು ಮಾಡಿತು. "ಶಿವ ಶಿವಾ!" ಅಂತ ಅತ್ತೆ ಕಿವಿ ಮುಚ್ಚಿಕೊಂಡರು. ಕೊಟ್ಟಿಗೆಯಲ್ಲಿ ಹಾಡಿನ ಮಧ್ಯೆ ಮೋಟಾರ್‌ಬೈಕಿನ ಜಾಹೀರಾತು ಗುರ್ರೆಂದಿತು. ಹಸು ಒದ್ದ ಬಕೆಟ್ಟಿನ ಹಾಲೆಲ್ಲ ನಮ್ಮ ಯಜಮಾನರ ಮೈಮೇಲೆ. ತಿಪಟೂರಿನಿಂದ ಮಗನ ಫೋನು: "ಏನಮ್ಮ ಮಾಡ್ದೆ? ಪ್ಲಾನ್ ನಿನ್ನ ಹೆಸರಲ್ಲಿರೋದು. ನೀನು ಹೊರಗೆ ಹೋದ್ರೆ ಎಲ್ಲರೂ ಹೊರಗೆ ಹೋದಂಗೆ!"

ಬಯ್ಯಿಸಿಕೊಳ್ಳುತ್ತಿದ್ದರೂ ನನಗೆ ಒಳಗೊಳಗೇ ಖುಷಿಯಾಯಿತು. ಈ ಮನೆಯಲ್ಲಿ ನಾನಿಲ್ಲದಿದ್ದರೆ ಏನಾಗುತ್ತದೆ ಅಂತ ಇಷ್ಟು ಚೆನ್ನಾಗಿ ಯಾರೂ ತೋರಿಸಿಕೊಟ್ಟಿರಲಿಲ್ಲ.

ಆದರೆ ಮಾಯಸಂದ್ರದಿಂದ ಫೋನು ಬರಲಿಲ್ಲ. ನನ್ನನ್ನು ತೆಗೆದುಬಿಟ್ಟರು ಅಂತ ಮಗಳು ಅಲ್ಲಿ ಕೂತು ಅಳುತ್ತಿದ್ದಾಳೋ ಏನೋ. ಅಟ್ಟಕ್ಕೂ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದೆ. ಸಂಜೆಯವರೆಗೆ ತಡೆದು, ಜಗಲಿಯ ಮೇಲೆ ಎಲ್ಲರೂ ಕೂತಿದ್ದಾಗ ನಾನೇ ಮಾಡಿದೆ. ಎಲ್ಲರಿಗೂ ಕೇಳಲಿ ಅಂತ ಫೋನಿನ ಸ್ಪೀಕರ್ ಹಾಕಿದೆ.

"ನಿನ್ನ ಹಾಡು ನಿಂತೋಯ್ತೇನೇ ಮಗಳೇ?"

"ಇಲ್ವಲ್ಲಮ್ಮ. ಇಲ್ಲೇ ಹಾಡ್ತಾ ಐತೆ, ಕೇಳು."

ನಿಜವಾಗಿಯೂ ಹಿಂದೆ ಹಾಡು ಕೇಳಿಸುತ್ತಿತ್ತು. ಜಾಹೀರಾತಿಲ್ಲದ ಹಾಡು. ನಡೆದದ್ದನ್ನು ಹೇಳಿದೆ. ಆ ಕಡೆ ಹಾಡಿನ ಸದ್ದು ಸಣ್ಣಗಾಯಿತು.

"ಅಮ್ಮ, ಬೇಜಾರು ಮಾಡ್ಕೋಬೇಡ. ನಾನು ಬಂದ ವಾರದಲ್ಲೇ ನಮ್ಮತ್ತೆ ನನ್ನ ಇಲ್ಲಿನ ಪ್ಲಾನಿಗೆ ಸೇರಿಸ್ಕೊಂಡ್ರು. ನೀನು ಊರಿಗೆಲ್ಲ ನನ್ನ ಮಗಳ ಜಾಗ ಇಟ್ಟಿದೀನಿ ಅಂತ ಹೇಳ್ಕೊಂಡು ಬರ್ತಿದ್ದೆ. ಹೆಂಗಮ್ಮ ಹೇಳ್ಲಿ?"

ಅಷ್ಟು ದಿನ ನಾನು ಕಾದದ್ದು ಖಾಲಿ ಕುರ್ಚಿಯನ್ನು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ, ನಾನು ನೆಟ್ಟಗೆ ಮಾತಾಡದ ಆ ಬೀಗಿತ್ತಿ ನನ್ನ ಮಗಳು ಹೋದ ವಾರದಲ್ಲೇ ಅವಳಿಗೆ ಜಾಗ ಮಾಡಿಕೊಟ್ಟಳಲ್ಲ ಅಂತ ಎದೆ ತಣ್ಣಗಾಯಿತು. ನನ್ನ ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

"ಪ್ಲಾನ್ ಮತ್ತೆ ಹಾಕಿಸಿ ನನ್ನ ಜಾಗ ಅತ್ತಿಗೆಗೆ ಕೊಡಮ್ಮ" ಅಂದಳು ಮಗಳು.

"ನಿನ್ನದು ನಿನ್ನದೇ. ಕೇಳಿದ್ರೆ ಕೇಳು, ಬಿಟ್ರೆ ಬಿಡು" ಅಂದೆ. "ಅದಿರಲಿ, ಅಲ್ಲಿ ಆರರಲ್ಲಿ ಜಾಗ ಖಾಲಿ ಇತ್ತೇನೇ?"

"ಎಲ್ಲಿ ಬಂತು! ಭರ್ತಿ ಇತ್ತು."

"ಮತ್ತೆ ನಿಮ್ಮತ್ತೆ ಯಾರನ್ನ ತೆಗೆದು ನಿನ್ನ ಸೇರಿಸ್ಕೊಂಡ್ರು?"

"ಅದಕ್ಕೇನು ಯೋಚನೇನೂ ಮಾಡ್ಲಿಲ್ಲಮ್ಮ ಅವರು. ಮಾವನ್ನ ತೆಗೆದ್ರು."

ಅತ್ತೆ, ನಾನು, ಸೊಸೆ, ಮೂವರೂ ಒಟ್ಟಿಗೇ ತಿರುಗಿ ನೋಡಿದೆವು. ನಮ್ಮ ಯಜಮಾನರು ಆಗಲೇ ಚಪ್ಪಲಿ ಮೆಟ್ಟಿ, ಫೋನಿದ್ದ ಜೇಬಿನ ಮೇಲೆ ಕೈ ಒತ್ತಿ ಹಿಡಿದುಕೊಂಡು, ತೋಟದ ದಾರಿ ಹಿಡಿದು ಓಡುತ್ತಿದ್ದರು.