ಹಳದಿಯಾಗದ ಬಾಳೆಹಣ್ಣಿನ ಪರವಾಗಿ ಕ್ಷಮಾಪಣೆ

ಸಾಫ್ಟ್‌ವೇರ್ ಉದ್ಯಮಿಗಳೂ, ಈಗ ಹೊಸ ಹೊಸ ಕಂಪನಿಗಳಲ್ಲಿ ಬಂಡವಾಳ ಹೂಡುವ ಮಹನೀಯರೂ, ಕಲಬುರಗಿಯ ಶಹಾಬಜಾರದ ಓಣಿಯಲ್ಲೇ ಹುಟ್ಟಿ ಬೆಳೆದವರೂ ಆದ ಮಾನ್ಯ ಅಮರನಾಥ ಅವರಿಗೆ, ಕಮಲಾಪುರದ ಕೆಂಬಾಳೆ ಬೆಳೆಯುವ ಮಹಿಳಾ ಸಂಘದ ಪಂಚಶೀಲಾ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಫೋಟೊ ತೆಗೆದರೆ ಸಾಕು, ಹಣ್ಣಿನ ಗುಣಮಟ್ಟ ಹೇಳಿಬಿಡುವ 'ಫಲನೇತ್ರ' ಎಂಬ ಆ್ಯಪನ್ನು ತಾವು ಕಟ್ಟಿದಾಗ ನಮ್ಮೂರ ಕಡೆಯವರೆಂದು ನಾವೂ ಬೀಗಿದ್ದೆವು. ಕಲಬುರಗಿಯ ಹಾಸ್ಟೆಲ್ಲಿನವರು ಅದನ್ನೇ ನಂಬಿ ಹಣ್ಣು ಕೊಳ್ಳತೊಡಗಿದರು. ಅದು, ಹಣ್ಣಾದರೂ ಕೆಂಪಗೇ ಇರುವ ನಮ್ಮ ಕೆಂಬಾಳೆಯನ್ನು ನೋಡಿದ್ದೇ 'ಕೊಳೆತಿದೆ' ಎಂದಿತು. ಜಗತ್ತಿನ ಬಾಳೆಹಣ್ಣೆಲ್ಲ ಹಳದಿ ಎಂದು ತಾವು ಅದಕ್ಕೆ ಕಲಿಸಿದ್ದಿರಿ. ಕಮಲಾಪುರ ಜಗತ್ತಿನಲ್ಲಿಲ್ಲ ಎಂಬುದು ನಮಗೆ ತಿಳಿದಿರಲಿಲ್ಲ, ತಪ್ಪು ನಮ್ಮದೇ. ಸಹಾಯವಾಣಿಗೆ ಫೋನು ಮಾಡಿದರೆ, ಹಣ್ಣು ಹಳದಿಯಾಗುವವರೆಗೆ ಕಾಯಿರಿ ಎಂದು ಬಹಳ ಮೃದುವಾಗಿ ಹೇಳಿದರು. ಕಾದೆವು. ಆಮೇಲೆ ಅದು ನಿಜವಾಗಿಯೂ ಕೊಳೆಯಿತು, ಆ್ಯಪಿನ ಮಾತು ಸುಳ್ಳಾಗಲಿಲ್ಲ.

ನಮ್ಮ ಸಂಘದ ಹಿರಿಯರಾದ ರಮಾಬಾಯಿ ಮಾತ್ರ, "ಅದಕ್ಕ ಬರೇ ಕಣ್ಣಷ್ಟೇ ಅದಾವೇನ್ರೀ, ಬಾಯಿ ಇಲ್ಲೇನು? ಒಂದ್ ಹಣ್ಣ ಸುಲದು ತಿಂದು ಆಮ್ಯಾಗ ಮಾತಾಡು ಅಂತ ಹೇಳ್ರಿ" ಎಂದು ಜಗಳಕ್ಕೇ ನಿಂತರು. ಅವರಿಗೆ ತಂತ್ರಜ್ಞಾನ ತಿಳಿಯದು, ಮನ್ನಿಸಬೇಕು.

ಮೂರು ವರ್ಷಗಳಿಂದ ಆ್ಯಪಿನಲ್ಲಿ ನಮ್ಮ ಸಂಘದ ಹೆಸರಿನ ಮುಂದೆ 'ಕೊಳೆತ ಮಾಲು' ಎಂಬ ಬಿರುದು ಕೆಂಪಕ್ಷರದಲ್ಲಿ ಕೂತಿದೆ. ಅಷ್ಟರಲ್ಲಿ ತಾವು ಕಂಪನಿ ಮಾರಿ, ಹೂಡಿಕೆದಾರರಾಗಿ, ವೇದಿಕೆ ಸಿಕ್ಕಲ್ಲೆಲ್ಲ 'ಬೇಗ ಸೋಲಿರಿ, ಸೋತು ಕಲಿಯಿರಿ' ಎಂದು ಎಳೆಯರಿಗೆ ಬೋಧಿಸುತ್ತಿದ್ದೀರಿ. ತಾವು ಸೋತದ್ದಕ್ಕೆ ಸನ್ಮಾನದ ಶಾಲು ಬಂತು, ನಮಗೆ ಹಾಸ್ಟೆಲ್ಲಿನ ಬಾಗಿಲು ಮುಚ್ಚಿತು. ಸಿಟ್ಟು ಬಂದಿದೆ ಮಾನ್ಯರೇ, ಚೆನ್ನಾಗಿಯೇ ಬಂದಿದೆ.

ಬರುವ ವರ್ಷ ಹಣ್ಣು ಯಾರಿಂದ ತರಿಸಬೇಕೆಂದು ಹಾಸ್ಟೆಲ್ಲಿನವರು ಸೋಮವಾರ ನಿರ್ಧರಿಸುತ್ತಾರೆ. ಆದ್ದರಿಂದ, ಕಂಪನಿಯ ಹೊಸ ಮಾಲೀಕರಿಗೆ ಒಂದು ಮಾತು ಹೇಳಿ ಆ ಎರಡು ಪದ ಅಳಿಸಿಹಾಕಿಸಬೇಕು. ಅದು ತಮ್ಮ ಘನತೆಗೆ ತೀರಾ ಸಣ್ಣ ಕೆಲಸವೆನಿಸಿದರೆ, ನಮ್ಮ ಬಾಳೆಗಿಡಗಳ ಮೇಲೆ ಒಂದಿಷ್ಟು ಬಂಡವಾಳ ಹೂಡಿ, ಭಾನುವಾರ ಸಂಜೆಯೊಳಗೆ ಹಳದಿ ಹಣ್ಣು ಬಿಡುವಂತೆ ಅವಕ್ಕೆ ತರಬೇತಿ ಕೊಡಿಸಬೇಕು. ಗಿಡಗಳು ವಿಧೇಯವಾಗಿವೆ, ಪ್ರಮಾಣಪತ್ರ ಕೊಟ್ಟರೆ ಬೇಡವೆನ್ನುವುದಿಲ್ಲ.

ಇನ್ನೂ ಕೊಳೆಯದೆ ಉಳಿದಿರುವ,
ತಮ್ಮ ವಿಶ್ವಾಸಿ,
ಪಂಚಶೀಲಾ

ವಿ.ಸೂ.: ಸನ್ಮಾನದ ಪೋಸ್ಟರಿನಲ್ಲಿದ್ದ ತಮ್ಮ ಭಾವಚಿತ್ರವನ್ನು ನಿನ್ನೆ ಅದೇ ಆ್ಯಪಿಗೆ ತೋರಿಸಿದೆ. ತಡಮಾಡದೆ 'ಬಾಳೆಹಣ್ಣು, ಮೊದಲ ದರ್ಜೆ' ಎಂದಿತು. ತಾವು ಹಳದಿ ಜುಬ್ಬಾ ತೊಟ್ಟಿದ್ದಿರಿ.