ಮಾವಾರ ಬೀರಿಗೆ ಎಷ್ಟು ಕಹಿ?

ಸೋಡಾ ಅಂಗಡಿಗೆ ಬಂದವರು ಸುಮ್ಮನ ಸೋಡಾ ಕುಡಿದು ಹೋಗೂದಿಲ್ಲ, ಏನರೆ ಒಂದು ಫಜೀತಿ ಹಚ್ಚೇ ಹೋಗ್ತಾರ. ಇಂಡಿ ಬಸ್ ಸ್ಟ್ಯಾಂಡ್ ಮುಂದಿನ ನನ್ನ ಅಂಗಡಿಯೊಳಗ ಇಂಥಾವು ಎಷ್ಟೋ ಆಗ್ಯಾವ. ಆದ್ರ ಸರಕಾರ ದಾರೂಬಂದಿ ತೆಗೆದು ಕುಡಿಯಾಕ ಪರವಾನಗಿ ಕೊಟ್ಟ ಹೊಸದರಾಗ ಆದ ಬೀರಿನ ಫಜೀತಿ ಮಾತ್ರ ಮರಿಯೂ ಹಂಗಿಲ್ಲ.

೧. ಹಟ

ಮುದ್ದೇಬಿಹಾಳದ ನಮ್ಮ ಮಾವಾರು, ಅಂದ್ರ ಹೆಂಡತಿಯ ಅಪ್ಪ, ಮಿಲಿಟರಿಯೊಳಗಿದ್ದು ಬಂದವರು. ನನ್ನ ಅಂಗಡಿಗೆ ಬಂದಾಗೊಮ್ಮೆ ನಾಲ್ಕು ಮಂದಿ ಮುಂದ, "ಅಳ್ಯಾರ, ಇದು ಹೆಂಗಸರು ಕುಡಿಯೂದು. ಗಂಡಸ್ರು ಕುಡಿಯೂದು ಬೀರ್. ಅದರ ಕಹಿ ನಿಮಗೇನ ಗೊತ್ತು?" ಅಂತಿದ್ರು. ನನಗ ಮೈಯೆಲ್ಲಾ ಉರೀತಿತ್ತು.

"ಮುಂದಿನ ಸಲ ಬರ್ರಿ. ನನ್ನ ಕೈಲೇ ಮಾಡಿದ ಬೀರ್ ಕುಡಸ್ತೇನಿ. ಕುಡಸದಿದ್ರ ಅಂಗಡಿ ಬಾಗಲಾ ಹಾಕ್ತೇನಿ!" ಅಂದುಬಿಟ್ನಿ.

"ಇವತ್ತ ಹಾಕಿಬಿಡ್ರಿ, ಖರ್ಚರೆ ಉಳೀತೈತಿ" ಅಂದ್ಲು ಹೆಂಡತಿ.

೨. ಸಿಂದಗಿ ಅತ್ತಾರ ಸಾಹೇಬ್ರು

ಸೊಲ್ಲಾಪುರದ ರದ್ದಿ ಅಂಗಡಿಯೊಳಗ ಬೀರ್ ಮಾಡೂ ಇಂಗ್ಲಿಷ್ ಪುಸ್ತಕ ಸಿಕ್ತು. ವಕೀಲರ ಕಡೆ ಓದಿಸಿದ್ನಿ. ಮೊಳಕಿ ಬರಿಸಿದ ಜವೆಗೋದಿ ಕುದಿಸಬೇಕಂತ, ಕಹಿಗೆ ಹಾಪ್ಸ್ ಅನ್ನೂ ಬಳ್ಳಿ ಹೂ ಹಾಕಬೇಕಂತ. ಇಂಡಿ ಆತು, ಬಾಗೇವಾಡಿ ಆತು, ಆ ಹೂ ಯಾರೂ ಕಂಡಿಲ್ಲ. ಕಡೀಕ ಸಿಂದಗಿಯೊಳಗ ಗಿಡಮೂಲಿಕಿ ಮಾರೂ ಅತ್ತಾರ ಸಾಹೇಬ್ರು, "ಕಹೀನ ಬೇಕಂದ್ರ ಕಿರಾತಕಡ್ಡಿ ಐತ್ರಿ. ಯಾರಿಗೆ ಜ್ವರ ಬಂದೈತಿ?" ಅಂದ್ರು.

"ಜ್ವರ ಇಲ್ರಿ, ಮಾವಾರಿಗೆ ಬೀರ್ ಮಾಡಾಕತ್ತೇನಿ."

"ಹಂಗಾರ ಇನ್ನೊಂದು ಪುಡಿಕಿ ಒಯ್ರಿ. ಕುಡಿದ ಮ್ಯಾಲ ಜ್ವರ ಬರ್ತೈತಿ!"

೩. ಟೇಲರನ ನಾಲಿಗಿ

ಮನ್ಯಾಗ ಜವೆಗೋದಿ ಕುದಿಸಿದ್ದಾತು, ಹೂವಿನ ಬದಲಿ ಕಡ್ಡಿ ಎಷ್ಟು ಹಾಕಬೇಕು? ಪುಸ್ತಕದಾಗ ಎಲ್ಲೈತಿ! ನಾಲಿಗೀಲೇ ಅಂದಾಜ ಮಾಡಬೇಕು. ನನ್ನ ನಾಲಿಗಿ ನೆಕ್ಕಿ ನೆಕ್ಕಿ ಜೋಮು ಹಿಡಿದಿತ್ತು. ಬಾಜೂ ಅಂಗಡಿ ಟೇಲರನ್ನ ಮನಿಗೆ ಕರದ್ನಿ.

"ಸಪ್ಪಗೈತ್ರಿ" ಅಂದ. ಒಂದು ಹಿಡಿ ಹಾಕಿದ್ನಿ. "ಇನ್ನೂ ಸಪ್ಪಗ." ಪುಡಿಕಿ ಪೂರಾ ಸುರುವಿದ್ನಿ. "ಈಗ ಸ್ವಲ್ಪ ಹತ್ತಾಕತ್ತೈತಿ ನೋಡ್ರಿ" ಅಂತ ಹೊರಗ ಹೋಗಿ ಉಗುಳಿದ. ನೋಡ್ತೇನಿ, ಗಲ್ಲದಾಗ ತಂಬಾಕ!

"ಅಲ್ಲೋ ಮಾರಾಯಾ, ತಂಬಾಕ ಇಟ್ಕೊಂಡು ರುಚಿ ನೋಡಿದೇನು?"

"ಅದು ಇಲ್ಲಂದ್ರ ನನಗ ರುಚೀನ ಹತ್ತೂದಿಲ್ರಿ."

೪. ಬೆಲ್ಲ

ನಮ್ಮ ಮನ್ಯಾಗ ಹಾಗಲಕಾಯಿ ಪಲ್ಯಾಕ್ಕ ಬೆಲ್ಲ ಬೀಳದ ಒಲಿ ಆರೂದಿಲ್ಲ. ಹೆಂಡತಿ ಒಂದು ತೊಟ್ಟು ನೆಕ್ಕಿ, "ಅಯ್ಯ ಶಿವನ, ಇದನ್ನ ನಮ್ಮಪ್ಪಗ ಕುಡಸ್ತಾರಂತ!" ಅಂದಾಕಿ, ನಾ ಅಂಗಡಿಗೆ ಹೋದಾಗ ಬೆಲ್ಲದ ದೊಡ್ಡ ಪೆಂಟಿ ತಂದು ಬೀರಿನೊಳಗ ಹಾಕಿಬಿಟ್ಳು. ಬೇಕರಿಯಿಂದ ತಂದು ಹಾಕಿದ್ದ ಈಸ್ಟು ಆ ಬೆಲ್ಲಾನೆಲ್ಲಾ ತಿಂದು ಅಮಲು ಮಾಡಿತು. ಕಹಿ ಮಾತ್ರ ಹಂಗ ಉಳೀತು.

"ನಾ ಹಾಕಿದ ಬೆಲ್ಲ ಎಲ್ಲಿ ಹೋತ್ರಿ?" ಅಂದ್ಲು.

"ನಿಮ್ಮಪ್ಪನ ತಲಿಗೇರಾಕ ಕಾಯಾಕತ್ತೈತಿ" ಅಂದ್ನಿ.

೫. ಪರೀಕ್ಷಾ

ಮಾವಾರು ಬಂದ್ರು. ಅಂಗಡಿ ಮುಂದ ಇಡೀ ಓಣಿ ಕೂಡಿತ್ತು. ಇವತ್ತ ಒಂದೋ ನನ್ನ ಮಾನ ಉಳೀಬೇಕು, ಇಲ್ಲಾ ಬಾಗಲಾ ಹಾಕಬೇಕು. ಗ್ಲಾಸ್ ತುಂಬಾ ಸುರುವಿ ಕೊಟ್ನಿ.

ಮಾವಾರು ಮೀಸಿ ಒರಸ್ಕೊಂಡು ಒಂದು ಗುಟುಕು ಹಾಕಿದ್ರು. ಮಾರಿ ಕೆಂಪಾತು, ಕಣ್ಣಾಗ ನೀರು ಬಂತು.

"ಕಹಿ ಬರೋಬ್ಬರಿ ಐತೇನ್ರಿ?"

ಮಾವಾರು ಮಂದಿ ನೋಡಾಕತ್ತಾರಂತ ಹಟಕ್ಕ ಬಿದ್ದು ಗ್ಲಾಸ್ ಪೂರಾ ಮುಗಿಸಿದ್ರು. ಅಮಲು ಏರಿತು. ನನ್ನ ಹೆಗಲಿಗೆ ಜೋತುಬಿದ್ದು, ಓಣಿಗೆಲ್ಲಾ ಕೇಳೂಹಂಗ ಅಂದ್ರು:

"ಅಳ್ಯಾರ, ನಾ ಯಾವಾಗ ಬೀರ್ ಕುಡದೇನ್ರೀ! ಮಿಲಿಟರಿಯೊಳಗ ಸಾಹೇಬ್ರ ಗ್ಲಾಸ್ ತೊಳಿಯಾಂವ ನಾ. ಆದ್ರ ಒಂದು ಹೇಳ್ರಿ, ಅವರು ಇದನ್ನ ಕುಡಿದು ನಗತಿದ್ರಲ್ಲ, ನನಗ್ಯಾಕ ಅಳು ಬರಾಕತ್ತೈತಿ?"